ಆಪಾರ ಕಸೂತಿಯಲ್ಲಿ ನನ್ನ ಕೈ

ಶಮೀಮ್ ಆಪಾರ ಕಣ್ಣು ಹೋಗುತ್ತಿದೆ ಎಂಬುದು ಅವರಿಗಿಂತ ಮೊದಲು ನನಗೆ ಗೊತ್ತಾಗಿತ್ತು. ನಾನು ಹೇಳಲಿಲ್ಲ — ಅವರಿಗೆ ಗೊತ್ತಾಗದಂತೆಯೂ ನೋಡಿಕೊಂಡೆ.

ಶಹಾಬಜಾರದ ಅವರ ಮನೆಯಲ್ಲೇ ನಾನು ಕಸೂತಿ ಕಲಿತದ್ದು. ಆಮೇಲೆ ಇಬ್ಬರೂ ಸೇರಿ ಕೆಲಸ ಹಿಡಿದೆವು. ಅವರು ಹಾಕುವುದು, ನಾನು ಬಟ್ಟೆಯನ್ನು ಖೂಬಾ ಪ್ಲಾಟಿನ ನಮ್ಮ ಮನೆಗೆ ತಂದು, ಪೆನ್ಸಿಲ್ ಗೆರೆ ಹೋಗುವಂತೆ ತೊಳೆದು, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಅಂಗಡಿಗೆ ಮುಟ್ಟಿಸುವುದು. ಆಪಾ ಪುಸ್ತಕದ ಹೂ ನೋಡಿ ಹಾಕುವವರಲ್ಲ. ಕಮಲಾಪುರದಲ್ಲಿ ನನ್ನ ತವರಿನವರ ಕೆಂಪು ಬಾಳೆಯ ತೋಟಕ್ಕೆ ಬಂದು ಕಸೂತಿಯ ರಿಂಗು ಹಿಡಿದು ಕೂರುತ್ತಿದ್ದರು. ಗಾಳಿಗೆ ಸೀಳಿದ ಎಲೆ, ಸುಟ್ಟಂತೆ ಕಂದಾದ ಅಂಚು — ಅವರಿಗೆ ಅದೇ ಚೆಂದ. ನಾನು ಹಾಕಿದ್ದನ್ನು ನೋಡಿ, "ನಿನ್ನ ಎಲಿ ಇಸ್ತ್ರಿ ಮಾಡಿಟ್ಟಂಗ ಅದ ನೋಡವ್ವಾ, ಗಾಳಿನೇ ಬಡದಿಲ್ಲ ಅದಕ್ಕ," ಎಂದು ನಗುತ್ತಿದ್ದರು.

ಒಮ್ಮೆ ಒಂದು ಸೆರಗಿನಲ್ಲಿ ಕೆಂಪು ಬರಬೇಕಾದ ಕಡೆ ಕಂದು ಬಂದಿತ್ತು. ಎಲೆಯ ಒಂದು ಬದಿ ಗೆರೆ ದಾಟಿ ಹೊರಗೆ ಹೋಗಿತ್ತು. ದಣಿದಿರಬೇಕು ಎಂದುಕೊಂಡು ಬಿಚ್ಚಿ ನಾನೇ ಹಾಕಿದೆ. ಅಂಗಡಿಯವರು ಎಂದಿನಂತೆ ಹೊಗಳಿದರು. ಮುಂದಿನ ಬಟ್ಟೆಯಲ್ಲೂ ಹಾಗೇ. ಅದರ ಮುಂದಿನದರಲ್ಲೂ.

ಅಲ್ಲಿಯವರೆಗಿನದನ್ನು ಮಮತೆ ಅನ್ನಬಹುದಿತ್ತೇನೋ. ಆದರೆ — ಅವರು ತಪ್ಪಿಲ್ಲದೆ ಹಾಕಿದ ದಿನ ನನಗೆ ಸಪ್ಪೆ ಎನಿಸತೊಡಗಿತ್ತು. ನಾನು ಹಾಕಿದ ಸೀಳೆಲೆಯನ್ನು ಜನ ಆಪಾರದೆಂದೇ ನಂಬುತ್ತಿದ್ದರು. ಬಟ್ಟೆ ಬಿಡಿಸಿದ ಕೂಡಲೇ ಎಲ್ಲಿ ತಪ್ಪಿದ್ದಾರೆ ಎಂದು ಹುಡುಕುತ್ತಿದ್ದೆ. ಸಿಕ್ಕರೆ ಸಂತೋಷ.

ಒಂದು ಮಧ್ಯಾಹ್ನ ಚಹಾ ಕೊಡುತ್ತ ಅವರೇ ಕೇಳಿದರು: "ಬಾಜೂಕಿಂದು ಮಬ್ಬು ಮಬ್ಬು ಕಾಣ್ಲಕತ್ತದ. ದವಾಖಾನಿಗಿ ಹೋಗಬೇಕಂತೀನಿ. ನನ್ನ ಕೈಯಾಗ ಏನರೆ ಫರಕ್ ಬಂದದೇನು? ಖರೇ ಹೇಳು."

"ಏನೂ ಬಂದಿಲ್ರಿ ಆಪಾ. ಮೊದಲಿಗಿಂತ ಛಲೋ ಬರ್ಲಕತ್ತದ," ಎಂದೆ.

ಹಾಗಾದರೆ ವಯಸ್ಸಿನದೇ ಇರಬೇಕು, ಚಸ್ಮಾ ಬದಲಿಸಿದರಾಯಿತು ಎಂದು ಬಿಟ್ಟುಬಿಟ್ಟರು. ನಾನು ಚಹಾ ಕುಡಿದೆ, ಬಟ್ಟೆ ಮಡಚಿಕೊಂಡೆ, ಬಂದೆ.

ಹೊಸ್ತಿಲು ಎಡವಿ ಬಿದ್ದ ಮೇಲೆಯೇ ಅವರನ್ನು ಸೇಡಂ ರಸ್ತೆಯ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದದ್ದು. ಕಣ್ಣೊಳಗಿನ ಒತ್ತಡ ಏರಿ ನರ ಸತ್ತಿದೆ, ಹೋದದ್ದು ಮರಳಿ ಬಾರದು, ಬೇಗ ಬಂದಿದ್ದರೆ ಇದ್ದದ್ದನ್ನು ಕಾಯಬಹುದಿತ್ತು ಎಂದರು. ಇಷ್ಟು ದಿನ ಏನೂ ಗೊತ್ತಾಗಲಿಲ್ಲವೇ ಎಂದು ಕೇಳಿದರು.

"ಕಸೂತಿಯಾಗ ಜರಾ ಫರಕ್ ಬಂದಿದ್ರೂ ಗೊತ್ತಾಗತಿತ್ರಿ ಸಾಹೇಬ್ರ. ಬೇಕಂದ್ರ ಇಕಿಗಿ ಕೇಳ್ರಿ," ಅಂದರು ಆಪಾ.

ಡಾಕ್ಟರು ನನ್ನತ್ತ ನೋಡಿದರು. ಹೌದೆಂದು ತಲೆಯಾಡಿಸಿದೆ. ಅಳು ಬರಲಿಲ್ಲ. ಮನೆಗೆ ಬಂದು ರೊಟ್ಟಿ ಬಡಿದೆ, ಪಲ್ಯಕ್ಕೆ ಒಗ್ಗರಣೆ ಹಾಕಿದೆ, ಎಲ್ಲರಿಗೂ ಬಡಿಸಿದೆ.

ಈಗ ಆಪಾರಿಗೆ ಬೆಳಕು, ನೆರಳು, ಅಷ್ಟೇ. ಕಣ್ಣು ಹೋದರೂ ಕೈ ಕೊನೆಯವರೆಗೆ ತಪ್ಪಲಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಅವರಿಗೆ ಉಳಿದಿರುವುದು ಆ ಮಾತೊಂದೇ. ನಾನು ಬಾಯಿಬಿಟ್ಟರೆ ಅದೂ ಹೋಗುತ್ತದೆ, ಅದಕ್ಕೇ ಸುಮ್ಮನಿದ್ದೇನೆ ಎಂದು ಇಷ್ಟು ವರ್ಷ ನನಗೆ ನಾನೇ — ಇಲ್ಲ, ಅದೂ ನೆಪ.

ಈ ಬರಹ ನಿಮ್ಮ ಕೈಸೇರುವ ಮೊದಲು ಅವರೆದುರು ಕುಳಿತು ಓದುತ್ತೇನೆ. ಓದುತ್ತ ನಾನು ಅವರ ಮುಖ ನೋಡಬೇಕಾಗುತ್ತದೆ. ಅವರು ನನ್ನದನ್ನು ನೋಡಲಾರರು.