ಬೇವಿನಮ್ಮ ವಾಲಿದಳು

ನನ್ನ ಕೈಯಿಂದ ಒಬ್ಬ ದೇವಿ ಹುಟ್ಟಿದ್ದಾಳೆಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿಕೊಂಡು, ಹಬ್ಬದ ದಿನವೂ ದೇವರ ಕೋಣೆಗೆ ಇಣುಕದ ಮನುಷ್ಯನಿಗೆ ಇದು ಒಪ್ಪುವ ಕೆಲಸವಲ್ಲವೆಂದು ನನಗೂ ಗೊತ್ತು.

ಸಿಂಧನೂರಿನಲ್ಲಿ ನಮ್ಮ ಮನೆಯಿರುವುದು ಮಸ್ಕಿ ರಸ್ತೆಯಿಂದ ಒಳಗೆ ತಿರುಗುವ ಓಣಿಯ ಮೂಲೆಯಲ್ಲಿ. ಕಂಪೌಂಡಿನ ಹೊರಗೆ, ಆದರೆ ನಮ್ಮದೇ ಜಾಗದಲ್ಲಿ, ಒಂದು ದೊಡ್ಡ ಬೇವಿನ ಮರವಿತ್ತು. ಬಸ್ಸಿಳಿದು ಬರುವ ಗಂಡಸರಿಗೆಲ್ಲ ಅದರ ಬುಡ ಕಂಡ ಕೂಡಲೇ ಅವಸರ ಹತ್ತುತ್ತಿತ್ತು. ಇಲ್ಲಿ ಮೂತ್ರ ಮಾಡಬಾರದು ಎಂದು ಬರೆಸಿದೆ. ಆ ಅಕ್ಷರಗಳಿಗೇ ಗುರಿಯಿಟ್ಟರು. ಬೈದೆ; "ಆತ್ರೀ ಸರ, ಆತು" ಎನ್ನುತ್ತ ಮುಗಿಸಿಯೇ ಹೋದರು. ಕೊನೆಗೆ ಒಂದು ನಸುಕಿನಲ್ಲಿ ಎದ್ದು, ಹಳ್ಳದ ದುಂಡು ಕಲ್ಲೊಂದನ್ನು ತೊಳೆದು ಬುಡದಲ್ಲಿಟ್ಟು, ಅರಿಸಿನ ಕುಂಕುಮ ಬಳಿದು, ಏನೂ ಅರಿಯದವನಂತೆ ಬಂದು ಚಹಾ ಕುಡಿದೆ.

ಗಂಡಸರು ಬುಡದ ತನಕ ಬಂದು, ಕಲ್ಲು ನೋಡಿ, ಬಿಚ್ಚಲು ಹೋದ ಕೈಗಳನ್ನೇ ಜೋಡಿಸಿ ಮುಂದೆ ಹೋಗತೊಡಗಿದರು! ಮುದಗಲ್ಲಿನಲ್ಲಿ ಅಷ್ಟು ದೊಡ್ಡ ಕೋಟೆ, ಅದರ ಸುತ್ತ ಕಂದಕ, ಎಲ್ಲ ಕಟ್ಟಿಸಿದವರಿಗೆ ಒಂದು ಚಿಟಿಕೆ ಕುಂಕುಮದ ಬಲ ಗೊತ್ತಿರಲಿಲ್ಲವಲ್ಲ ಎಂದು ಮರುಗಿದೆ. ವಾರದೊಳಗೆ ಯಾರೋ ಹಸಿರು ಬಳೆ ಇಟ್ಟರು. ತಿಂಗಳೊಳಗೆ ಆಕೆಗೆ ಬೇವಿನಮ್ಮ ಎಂದು ಹೆಸರಾಯಿತು. ಪಕ್ಕದ ಮನೆಯ ಶಂಕ್ರಮ್ಮ, ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಗಟ್ಟಿ ಹೆಣ್ಣುಮಗಳು, ಮಂಗಳವಾರ ಶುಕ್ರವಾರ ತಪ್ಪದೆ ಊದಿನಕಡ್ಡಿ ಹಚ್ಚತೊಡಗಿದಳು. ನಾನು ಮೀಸೆಯೊಳಗೇ ನಗುತ್ತಿದ್ದೆ. ಮೂರು ವರ್ಷ ನಕ್ಕೆ.

ಈ ಮಳೆಗಾಲದಲ್ಲಿ ನಗು ನಿಂತಿತು. ಸ್ಕೂಟರಿನ ಶೆಡ್ಡಿಗೆ ಪಾಯ ತೆಗೆಸುವಾಗ ನಾನೇ ಮುಂದೆ ನಿಂತು ಮರದ ಒಂದು ಕಡೆಯ ಬೇರುಗಳನ್ನು ಕಡಿಸಿದ್ದೆ. ನಮ್ಮ ಎರೆಮಣ್ಣೋ, ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರಿದು ಮಳೆಗೆ ಮುದ್ದೆಯಾಗುವಂಥದ್ದು. ಒಂದು ಸಂಜೆ ಗಾಳಿಮಳೆ ನಿಂತ ಮೇಲೆ ನೋಡಿದರೆ ಮರ ಶಂಕ್ರಮ್ಮನ ಹಿಂದಿನ ತಗಡಿನ ಕೋಣೆಯತ್ತ ವಾಲಿತ್ತು. ದಾರಕ್ಕೆ ಬೀಗ ಕಟ್ಟಿ ಕೊಂಬೆಯಿಂದ ಇಳಿಬಿಟ್ಟು, ಎಷ್ಟು ವಾಲಿದೆಯೆಂದು ಅಳೆದೆ. ಮರುದಿನ ಅಳೆದರೆ ನಾಲ್ಕು ಬೆರಳು ಹೆಚ್ಚು. ಗುರುತ್ವಕೇಂದ್ರದ ಪಾಠವನ್ನು ಇಷ್ಟು ವರ್ಷ ಬಾಯಲ್ಲಿ ಹೇಳಿದ್ದೆ. ಅಂದು ಹೊಟ್ಟೆಯಲ್ಲಿ ಅರ್ಥವಾಯಿತು. ಆ ತಗಡಿನ ಕೆಳಗೆ ಶಂಕ್ರಮ್ಮನ ಮಗಳು ಸುಜಾತಾ ಬಾಣಂತನಕ್ಕೆ ಬಂದು ಮಲಗಿದ್ದಳು. ಮಗ್ಗುಲಲ್ಲಿ ಇಪ್ಪತ್ತು ದಿನದ ಕೂಸು.

ಮುಂದಿನ ಕೋಣೆಗೆ ಒಯ್ಯೋಣವೆಂದರೆ ಅಲ್ಲಿ ಗಿರಣಿಯ ಧೂಳು. ನಮ್ಮ ಮನೆಗೆ ಕಳಿಸಿರೆಂದೆ. "ಹಸೀ ಬಾಣಂತಿನ್ನ ಹೊಸ್ತಿಲ ದಾಟಸಂಗಿಲ್ರೀ ಸರ," ಎಂದಳು ಶಂಕ್ರಮ್ಮ. "ನೀವ್ಯಾಕ ಅಂಜ್ತೀರಿ? ಬೇವಿನಮ್ಮ ಅದಾಳಲ್ಲ. ಆಕಿ ನಮ್ಮ ಮ್ಯಾಲೆ ಬೀಳ್ತಾಳೇನು?"

ಅಪಾಯದ ಮರವೆಂದು ಅರ್ಜಿ ಕೊಟ್ಟೆ; ಕಡಿಯಲು ಸರಕಾರದ ಅನುಮತಿ ಎರಡೇ ದಿನದಲ್ಲಿ ಬಂತು. ಮಸ್ಕಿಯಿಂದ ಮರ ಕಡಿಯುವ ಹುಸೇನಪ್ಪ ಹಗ್ಗ, ಗರಗಸ ಹೊತ್ತು ಬಂದ. ಕುಂಕುಮ ನೋಡಿದವನೇ ಚಪ್ಪಲಿ ಬಿಟ್ಟ.

"ನಾ ಮುಟ್ಟಂಗಿಲ್ರೀ ಸರ. ದೇವರ ಗಿಡ ಐತಿ."

"ಬಿದ್ರ ಕೂಸಿನ ಮ್ಯಾಲೆ ಬೀಳ್ತೈತೋ ಮಾರಾಯ!"

"ಖರೆ ಐತ್ರೀ. ಆದ್ರ ನನಗೂ ಮಕ್ಕಳದಾವು."

ನಿಜ ಹೇಳಿದರೆ ಓಣಿಯಲ್ಲಿ ತಲೆಯೆತ್ತಿ ತಿರುಗುವಂತಿಲ್ಲ. ಹೇಳದಿದ್ದರೆ? ಒಳಗೆ ಕೂಸು ಅಳತೊಡಗಿತು. ಶಂಕ್ರಮ್ಮನನ್ನು ಕರೆದು, ಇಬ್ಬರ ಮುಂದೆಯೂ ಹೇಳಿಯೇ ಬಿಟ್ಟೆ. ಕಲ್ಲು, ಕುಂಕುಮ, ಮೂರು ವರ್ಷದ ನಗು, ಎಲ್ಲ.

ಶಂಕ್ರಮ್ಮ ಕೈಗೆ ಹತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಬೈದಿದ್ದರೆ ಹಗುರಾಗುತ್ತಿದ್ದೆ.

"ನೀವು ಸುಳ್ಳ ಇಟ್ಟಿರಬೌದ್ರೀ ಸರ. ನಾ ಖರೇನ ಕೈ ಮುಗದೀನಿ. ಮಗಳಿಗೆ ಒಂದು ಕೂಸಾಗ್ಲಿ ಅಂತ ಇಲ್ಲೇ ನಿಂತು ಬೇಡ್ಕೊಂಡೀನಿ."

ಹುಸೇನಪ್ಪ ತಲೆ ಕೆರೆದುಕೊಂಡು ತೀರ್ಪು ಕೊಟ್ಟ. "ಹಂಗಾರ ಯಾರು ಕುಂದ್ರಿಸ್ಯಾರೋ ಅವರೇ ಆಕಿನ್ನ ಎಬ್ಬಿಸಬೇಕ್ರೀ. ಬಾಯಿಬಿಟ್ಟು ಕೇಳ್ರಿ, ಕಾಯಿ ಒಡೀರಿ. ಆಮ್ಯಾಲೆ ನಾ ಗಿಡ ಏರ್ತೀನಿ."

ಅಷ್ಟರಲ್ಲಿ ಓಣಿಯೆಲ್ಲ ನೆರೆದಿತ್ತು, ನನ್ನ ಇಬ್ಬರು ವಿದ್ಯಾರ್ಥಿಗಳ ಸಮೇತ. ನಾಟಕವೆಂದುಕೊಂಡೇ ಮೊಣಕಾಲೂರಿದೆ. ಮಂತ್ರ ಒಂದೂ ಬಾರದು. ಕಲ್ಲಿನ ಮೇಲೆ ಶಂಕ್ರಮ್ಮ ಬೆಳಿಗ್ಗೆ ಹಚ್ಚಿದ ಅರಿಸಿನದಲ್ಲಿ ಅವಳ ಬೆರಳಿನ ಗುರುತಿತ್ತು. "ಯವ್ವಾ, ತಪ್ಪಾತು. ಬೇರು ಕಡಿಸಿದಾವ ನಾನು. ಕೂಸಿಗೆ ಏನೂ ಮಾಡಬ್ಯಾಡ. ಒಂದೀಟು ಸರದು ಕುಂದ್ರು," ಎಂದೆ. ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಕಾಯಿ ಒಡೆದೆ. ಶಂಕ್ರಮ್ಮ ಕಲ್ಲನ್ನು ಸೆರಗಿನಲ್ಲಿ ಎತ್ತಿಕೊಂಡು ಹೋಗಿ ತನ್ನ ಗಿರಣಿಯ ಗೂಡಿನಲ್ಲಿ ಇಟ್ಟಳು. ಹುಸೇನಪ್ಪ ಮೇಲಿನಿಂದ ಒಂದೊಂದೇ ಕೊಂಬೆಗೆ ಹಗ್ಗ ಬಿಗಿದು ಇಳಿಸಿದ. ಸಂಜೆಯ ಹೊತ್ತಿಗೆ ಬೊಡ್ಡೆಯಷ್ಟೇ ಉಳಿದಿತ್ತು. ತಗಡಿನ ಮೇಲೆ ಬಿದ್ದದ್ದು ಎಲೆಗಳು ಮಾತ್ರ.

ಕೈಕಾಲು ತೊಳೆದು ಒಳಗೆ ಬಂದರೆ ಹೆಂಡತಿ ಗಿರಿಜಾ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. "ಅಲ್ರೀ, ದೇವರಿಲ್ಲ ಅಂತಿದ್ರಿ. ಮತ್ತ ಅಷ್ಟೊತ್ತು ಯಾರ ಜೋಡಿ ಮಾತಾಡಿದ್ರಿ?"

"ಯಾರಿಗ್ಗೊತ್ತು," ಎಂದೆ. "ಆದ್ರ ಸರದು ಕುಂತಳಲ್ಲ!"