ಲೂಥರ್‌ನ ಚೆಂಡಿನ ವೇಗ

ಬರ್ಮಿಂಗ್‌ಹ್ಯಾಮಿನ ಎನ್ಸ್ಲಿ ಕೇರಿಯಲ್ಲಿ ಓಝೆಲ್ ಪ್ರುಯಿಟ್‌ನ ಮಾತಿಗೆ ತೂಕವಿತ್ತು. ಮೂವತ್ತೊಂಬತ್ತು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನು, ಇಪ್ಪತ್ತಾರು ವರ್ಷದಿಂದ ಚರ್ಚಿನಲ್ಲಿ ಪ್ರಾರ್ಥನೆ ನಡೆಸುವ ಡೀಕನ್. ಕುಡಿಯುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ಹಿಡಿದ ಮೀನಿನ ಉದ್ದವನ್ನು ಕೂಡ ಬೆರಳಷ್ಟು ಹೆಚ್ಚಿಸಿ ಹೇಳುವುದಿಲ್ಲ. ಇಂಥ ಮನುಷ್ಯ ಒಂದೇ ಒಂದು ವಿಷಯದಲ್ಲಿ ಮಾತ್ರ ಐವತ್ತು ವರ್ಷದಿಂದ ಹಿಡಿತವಿಲ್ಲದೆ ಮಾತಾಡುತ್ತ ಬಂದಿದ್ದ. ಲೂಥರ್ ಟಾಲಿವರ್ ಎಸೆದ ಚೆಂಡು ಗಂಟೆಗೆ ನೂರು ಮೈಲಿ ಓಡುತ್ತಿತ್ತು ಅನ್ನುವುದು ಆ ವಿಷಯ.

ಲೂಥರ್ ಕಾರ್ಖಾನೆಯ ಕರಿಯರ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆಯುವವನು. ದಾಂಡಿಗನ ಹಿಂದೆ ಕುಕ್ಕುರುಗಾಲಲ್ಲಿ ಕೂತು ಆ ಚೆಂಡನ್ನು ಹಿಡಿಯುವ ಕೆಲಸ ಓಝೆಲ್‌ನದು. ಸಾವಿರದ ಒಂಬೈನೂರ ಐವತ್ತೆರಡರಲ್ಲಿ, ಹದಿನೆಂಟನೇ ವಯಸ್ಸಿಗೆ, ಅವನು ಕುಲುಮೆಯ ಕೆಲಸಕ್ಕೂ ಲೂಥರ್‌ನ ಚೆಂಡು ಹಿಡಿಯುವುದಕ್ಕೂ ಒಂದೇ ವಾರದಲ್ಲಿ ಸೇರಿದ. ದೊಡ್ಡ ಲೀಗಿನವರು ಕರಿಯರಿಗೆ ಬಾಗಿಲು ತೆರೆದು ಆಗ ಐದು ವರ್ಷವಾಗಿತ್ತು. ಆದರೆ ಲೂಥರ್‌ಗೆ ಮೂವತ್ತೊಂದು ದಾಟಿತ್ತು, ನಾಲ್ಕು ಮಕ್ಕಳಿದ್ದವು, ಯಾರೂ ಹುಡುಕಿಕೊಂಡು ಬರಲಿಲ್ಲ. ಬಿಳಿಯರ ಪತ್ರಿಕೆಗಳು ಅವನ ಹೆಸರು ಬರೆಯಲಿಲ್ಲ, ಯಾವ ಯಂತ್ರವೂ ಅವನ ವೇಗ ಅಳೆಯಲಿಲ್ಲ. ಅವನು ಸತ್ತ ಮೇಲೆ ಉಳಿದ ದಾಖಲೆ ಎಂದರೆ ಓಝೆಲ್‌ನ ಎಡಗೈ ಒಂದೇ. ಅದರ ತೋರುಬೆರಳು ಮಡಚುವುದಿಲ್ಲ, ಹೆಬ್ಬೆರಳ ಬುಡದಲ್ಲಿ ನೆಲ್ಲಿಕಾಯಿಯಷ್ಟು ಗಂಟು.

ಆ ಕಾಲದ ಕೈಗವಸಿನೊಳಗೆ ಮೆತ್ತೆ ಸಾಲುತ್ತಿರಲಿಲ್ಲ. ಅದಕ್ಕೆ ಚೆಂಡು ಹಿಡಿಯುವವರೆಲ್ಲ ಹಸಿ ದನದ ಮಾಂಸದ ಒಂದು ಹೋಳನ್ನು ಅಂಗೈಗೂ ಗವಸಿನ ಚರ್ಮಕ್ಕೂ ನಡುವೆ ಇಟ್ಟುಕೊಳ್ಳುತ್ತಿದ್ದರು. ಆಟ ಮುಗಿಯುವ ಹೊತ್ತಿಗೆ ಅದು ಜಜ್ಜಿ ಕೈಮಾ ಆಗಿರುತ್ತಿತ್ತು. ಓಝೆಲ್‌ನ ಹೆಂಡತಿ ಎರ್ನೆಸ್ಟೀನ್ ಉರಿದು ಬೀಳುತ್ತಿದ್ದಳು: "ಮಕ್ಕಳ ತಟ್ಟೆಗೆ ಬರೀ ಗ್ರೇವಿ, ನಿನ್ನ ಅಂಗೈಗೆ ಮಾಂಸ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ!" ಬೈದರೂ, ಪಂದ್ಯದ ಮಾರನೆಯ ಬೆಳಗ್ಗೆ ಅವನ ಅಂಗಿಯ ಗುಂಡಿ ಹಾಕಿ ಕಳಿಸುತ್ತಿದ್ದವಳು ಅವಳೇ. ಊದಿದ ಕೈಗೆ ಗುಂಡಿ ಸಿಗುತ್ತಿರಲಿಲ್ಲ.

ಇದೆಲ್ಲ ಹಳೆಯ ಕಥೆ. ಓಝೆಲ್‌ಗೆ ಎಪ್ಪತ್ತೆಂಟಾದ ವರ್ಷ, ವಾರ್ಡೆಲ್‌ನ ಕ್ಷೌರದಂಗಡಿಯಲ್ಲಿ ಆ ಕಥೆಗೆ ಕುತ್ತು ಬಂತು. ಹಳೆಯ ಹುಲಿಗಳು ಈಗ ಕಣಕ್ಕಿಳಿದರೆ ಏನಾಗುತ್ತಿತ್ತು ಅನ್ನುವುದು ಆ ಅಂಗಡಿಯ ಮುಗಿಯದ ಜಗಳ. ಹೈಸ್ಕೂಲಿನ ಕೋಚ್ ಡೆಮೆಟ್ರಿಸ್ ಕುರ್ಚಿಯಲ್ಲಿ ಕೂತು ಕತ್ತು ಬಗ್ಗಿಸಿಕೊಂಡೇ ಅಂದ:

"ಬೇಜಾರ್ ಮಾಡ್ಕೋಬೇಡಿ ಡೀಕನ್ರೇ. ನಿಮ್ಮ ಕಾಲದೋರು ಈಗ ಬಂದ್ರೆ ನಮ್ ಹುಡುಗ್ರು ಅವರನ್ನ ಬಟ್ಟೆ ಒಗೆದಂಗೆ ಒಗೀತಾರೆ."

"ಲೂಥರ್‌ನ ಚೆಂಡು ಕಣ್ಣಿಗೆ ಬಿದ್ರೆ ತಾನೇ ಮಗನೇ, ಒಗೆಯೋದು."

"ನೂರು ಮೈಲಿ ಅಂತೀರಲ್ಲ, ಅಳೆದವರು ಯಾರು?"

ಓಝೆಲ್ ಎಡಗೈ ಎತ್ತಿ ತೋರಿಸಿದ. "ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಪ್ಪ?"

ಅಂಗಡಿಯೆಲ್ಲ ನಕ್ಕಿತು. ಡೆಮೆಟ್ರಿಸ್ ಬಿಡಲಿಲ್ಲ. "ಸರಿ, ಆ ಅಂಗೈನೇ ಕೇಳೋಣ. ಸ್ಕೂಲಲ್ಲಿ ಚೆಂಡು ಎಸೆಯೋ ಮಿಷಿನ್ ಇದೆ. ನೀವು ಹಿಡೀರಿ. ಲೂಥರ್ ಯಾವ ಸ್ಪೀಡು ಅಂತ ನೀವೇ ಹೇಳಿ."

ಎಪ್ಪತ್ತೆಂಟರ ಮುದುಕನಿಗೆ ಇದು ಬೇಕಿತ್ತೇ? ಬೇಕಿರಲಿಲ್ಲ. ಆದರೂ ಶನಿವಾರ ಬೆಳಗ್ಗೆ ಅವನು ಸ್ಕೂಲಿನ ಮೈದಾನದಲ್ಲಿ ಮುಖಕ್ಕೆ ಜಾಲರಿ, ಎದೆಗೆ ಕವಚ ಕಟ್ಟಿಕೊಂಡು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ. ಮಂಡಿ ಮಡಚುವ ಕಾಲ ಹೋಗಿತ್ತು. ಡೆಮೆಟ್ರಿಸ್ ತಂಡದ ಹೊಸ ಕೈಗವಸು ಕೊಟ್ಟ. ಯಂತ್ರ ಎಂಬತ್ತರಿಂದ ಶುರುವಾಯಿತು. ಎಂಬತ್ತೈದು, ತೊಂಬತ್ತು. ಓಝೆಲ್ ಪ್ರತಿ ಸಲವೂ ಅಲ್ಲವೆಂದು ತಲೆಯಾಡಿಸಿದ. ತೊಂಬತ್ತೆಂಟಕ್ಕೆ ಚೆಂಡು ಬಂದು ಬಡಿದಾಗ ಕೈ ಹಿಂದಕ್ಕೆ ಹೋಯಿತು.

"ಇದೇ," ಅಂದ.

ನೋಡಲು ಬಂದಿದ್ದ ವಾರ್ಡೆಲ್ ತಾನು ಮುದುಕ ಅನ್ನುವುದನ್ನೂ ಮರೆತು ಕುಣಿದ. ಅಂದು ಮಧ್ಯಾಹ್ನವೇ ಅಂಗಡಿಯ ಕನ್ನಡಿಯ ಮೇಲೆ ಸೋಪಿನಿಂದ 'ಲೂಥರ್ 98' ಎಂದು ಬರೆದ. ಡೆಮೆಟ್ರಿಸ್ ಟೋಪಿ ತೆಗೆದು, "ಸೋತೆ ಡೀಕನ್ರೇ," ಅಂದ. ಹುಡುಗ ಒಳ್ಳೆಯವನು, ಮನಸಾರೆ ಅಂದ.

ಭಾನುವಾರ ಬೆಳಗ್ಗೆ ಓಝೆಲ್ ಚರ್ಚಿಗೆ ಹೊರಟು ಕನ್ನಡಿಯ ಮುಂದೆ ನಿಂತವನು ಅಂಗಿಯ ಗುಂಡಿಗಳನ್ನು ಮೇಲಿಂದ ಕೆಳಗಿನವರೆಗೆ ತಾನೇ ಹಾಕಿಕೊಂಡ. ಹಾಕಿಕೊಂಡ ಮೇಲೆ ಗೊತ್ತಾಯಿತು. ಕೈ ಊದಿರಲೇ ಇಲ್ಲ. ಹೊಸ ಕೈಗವಸಿನಲ್ಲಿ ಚೆಂಡು ಅಂಗೈಗೆ ಬೀಳುವುದಿಲ್ಲ, ಹೆಬ್ಬೆರಳಿನ ಪಕ್ಕದ ಚರ್ಮದ ಹೆಣಿಗೆಗೆ ಬೀಳುತ್ತದೆ. ತೊಂಬತ್ತೆಂಟನ್ನು ಹಿಡಿದದ್ದು ಹೆಣಿಗೆ, ಅವನ ಕೈಯಲ್ಲ.

ಇದು ಗೊತ್ತಿದ್ದದ್ದು ಅವನೊಬ್ಬನಿಗೇ. ಸುಮ್ಮನಿದ್ದರೆ ಲೂಥರ್ ಇವತ್ತಿನ ಯಾವ ವೀರನಿಗೂ ಕಡಿಮೆಯಿಲ್ಲದವನಾಗಿ ಉಳಿಯುತ್ತಿದ್ದ. ಬಾಯಿ ಬಿಟ್ಟರೆ ಇದ್ದ ಒಂದೇ ದಾಖಲೆಯನ್ನು ತಾನೇ ಹರಿದು ಹಾಕಿದ ಹಾಗೆ. ಆ ದಿನ ಪ್ರಾರ್ಥನೆ ನಡೆಸುವ ಸರದಿ ಅವನದೇ ಆಗಿತ್ತು. ನಡುವೆ ಎರಡು ಸಲ ಮಾತು ಮರೆತ. ಎರ್ನೆಸ್ಟೀನ್ ಬದುಕಿದ್ದರೆ ಕೇಳಬಹುದಿತ್ತು, ಅವಳೂ ಇರಲಿಲ್ಲ. ವಾರವಿಡೀ ಅವನಿಗೆ ಸಂಕಟವಾಯಿತು. ಸುಳ್ಳಿನ ಸಂಕಟ ಅರ್ಧ, ನಿಜ ಎಷ್ಟಿರಬಹುದು ಅನ್ನುವ ಭಯ ಅರ್ಧ.

ಮುಂದಿನ ಶನಿವಾರ ಅವನು ಮೈದಾನಕ್ಕೆ ತನ್ನ ಹಳೆಯ ಕೈಗವಸು ತಂದ. ಜೊತೆಗೆ ಕಟುಕನ ಅಂಗಡಿಯ ಕಾಗದದಲ್ಲಿ ಸುತ್ತಿದ ಒಂದು ಹೋಳು ಮಾಂಸ.

"ಗೆದ್ದಾಗಿದೆಯಲ್ಲೋ ಓಝೆಲ್," ವಾರ್ಡೆಲ್ ಗೊಣಗಿದ. "ಮಲಗಿರೋ ನಾಯಿನ ಯಾಕ್ ಒದೀತಿ? ಆ ಮಾಂಸ ನಂಗೆ ಕೊಡು, ಹುರ್ಕೊಂಡ್ ತಿಂತೀನಿ."

"ಹೋದ ವಾರ ನಾನು ಹಿಡಿದಿಲ್ಲ. ಆ ಗವಸು ಹಿಡೀತು. ಹಾಕು ಮಗನೇ."

ಎಂಬತ್ತು ಬಂತು. ಓಝೆಲ್ ತಲೆಯಾಡಿಸಿದ. ಎಂಬತ್ತನಾಲ್ಕಕ್ಕೂ ಅಲ್ಲವೆಂದ, ಆದರೆ ಸ್ವಲ್ಪ ತಡೆದು. ಎಂಬತ್ತೇಳಕ್ಕೆ ಚೆಂಡು ಅಂಗೈಯ ನಡುವಿಗೆ ಬಿತ್ತು. ನೋವು ಮೊಣಕೈ ತನಕ ಏರಿ ಅಲ್ಲಿ ನಿಂತಿತು. ಅವನು ತಲೆಯಾಡಿಸಲಿಲ್ಲ.

"ಇದಲ್ಲ ತಾನೇ?" ವಾರ್ಡೆಲ್ ಕೇಳಿದ. "ಅಲ್ಲ ಅನ್ನು, ಓಝೆಲ್."

"ಇದೇ ಲೂಥರ್."

ವಾರ್ಡೆಲ್ ಟೋಪಿಯನ್ನು ನೆಲಕ್ಕೆ ಬಡಿದ. ಡೆಮೆಟ್ರಿಸ್ ಬಾಯಿ ತಡೆಯುವ ಮೊದಲೇ ಮಾತು ಜಾರಿತು: "ಎಂಬತ್ತೇಳು ನಮ್ ಹುಡುಗ್ರೇ ಎಸೀತಾರೆ..."

"ಎಸೀಲಿ. ಬೆಳಗ್ಗೆ ಆರರಿಂದ ಮೂರರ ತನಕ ಕುಲುಮೆ ಬಾಯಿಗೆ ಸಲಿಕೇಲಿ ಕಲ್ಲಿದ್ದಲು ಹಾಕಿ ಬಂದು ಎಸೀಲಿ."

ಹೇಳಿದ್ದು ನಿಜವೇ. ಆದರೆ ಅದು ನೆಪದಂತೆ ಅವನ ಕಿವಿಗೇ ಕೇಳಿಸಿತು. ಇವತ್ತಿನ ಆಟದಲ್ಲಿ ಲೂಥರ್‌ಗೆ ಜಾಗವಿಲ್ಲ. ಐವತ್ತು ವರ್ಷ ಹೇಳಿಕೊಂಡು ಬಂದದ್ದು ಅಲ್ಲಿಗೆ ಮುಗಿಯಿತು. ಡೆಮೆಟ್ರಿಸ್ ಯಂತ್ರ ಆರಿಸಲು ಬಗ್ಗಿದ.

"ಆರಿಸಬೇಡ," ಅಂದ ಓಝೆಲ್.

"ಇನ್ನೂ ಜೋರು ಮಾಡ್ಲಾ? ಇನ್ನೊಂದ್ಸಲ ನೋಡೋಣ್ವಾ ಡೀಕನ್ರೇ?"

"ಬೇಡ. ಎಂಬತ್ತೇಳರಲ್ಲೇ ಇರಲಿ." ಅವನು ಕೈಗವಸನ್ನು ಎದೆಯ ಮುಂದೆ ಎತ್ತಿ ಹಿಡಿದ. "ಅವನ ಚೆಂಡು ಹಿಡಿದು ಐವತ್ತು ವರ್ಷದ ಮೇಲಾಯ್ತು. ಇನ್ನೊಂದು ಹಾಕು."