ಸ್ಕೀ ಅಂಚಿನ ಹರಳೆಣ್ಣೆ

ಆ ಶುಕ್ರವಾರ ಎತಿಯೆನ್ ಉಪ್ಪಿಟ್ಟಿನ ಮೇಲೆ ಚೀಸ್ ತುರಿದುಕೊಂಡು ತಿಂದು ಹೆಂಡತಿ ಸಾಕಮ್ಮನಿಂದ ಬೈಸಿಕೊಂಡ. ಆಮೇಲೆ ಗ್ಯಾರೇಜಿಗೆ ಹೋಗಿ, ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಉದ್ದನೆಯ ಹಲಗೆ, ತನ್ನ ಸ್ಕೀಗಳನ್ನು ಒರೆಸತೊಡಗಿದ.

"ಆ ಸೇವೇಲಿ ಕಾಲುಭಾಗ ನನಗೆ ಮಾಡಿದ್ರೆ ಸೊಂಟನೋವು ಹೋಗ್ತಿತ್ತು."

"ನಿನಗೆ ಬಾಯಿ ಗಟ್ಟಿ ಇದೆ ಸಾಕಮ್ಮ. ಸೊಂಟ ಯಾಕೆ?" ಎಂದ. ಅವಳೇ ಕಲಿಸಿದ ಕನ್ನಡ.

ಎತಿಯೆನ್ ಫ್ರಾನ್ಸಿನ ಬೆಟ್ಟದೂರಿನವನು. ಹಿಮದ ಇಳಿಜಾರಿನಲ್ಲಿ ನೆಟ್ಟ ಕಂಬಗಳ ನಡುವೆ ನುಸುಳಿ ಜಾರುವ ಪಂದ್ಯದಲ್ಲಿ ಎರಡು ಸಲ ಆ ದೇಶಕ್ಕೇ ಚಾಂಪಿಯನ್. ಇಪ್ಪತ್ತಾರಕ್ಕೆ ಮಂಡಿ ಮುರಿಯಿತು, ಪಂದ್ಯ ಮುಗಿಯಿತು. ಮಿಷಿಗನ್ನಿಗೆ ಬಂದು, ಗುಡ್ಡ ಎನ್ನಲೂ ಸಾಲದ ದಿಬ್ಬದ ಮೇಲೆ ಮೂವತ್ತು ವರ್ಷ ಮಕ್ಕಳಿಗೆ ಸ್ಕೀ ಕಲಿಸಿದ. ಸಾಕಮ್ಮ ಮೈಸೂರು ಕಡೆಯವಳು, ಓದಿದ್ದು ಮೂರನೇ ಕ್ಲಾಸು. ಅದೇ ಮಿಷಿಗನ್ನಿನ ಪ್ಲಿಮತ್‌ನಲ್ಲಿ ವಿಭಾ ಡಾಕ್ಟರ ಮನೆಗೆ ಅಡುಗೆಗೆಂದು ಬಂದವಳು. ಅವರ ಮಕ್ಕಳಿಗೆ ಕಲಿಸುತ್ತಿದ್ದ ಎತಿಯೆನ್ ಒಂದು ದಿನ ಅವಳ ಕೈಯ ಸಾರು ಉಂಡ. ವರ್ಷದೊಳಗೆ ಅವಳನ್ನೇ ಕೇಳಿಬಿಟ್ಟ.

ಆ ಶುಕ್ರವಾರ ಮಧ್ಯಾಹ್ನ ಅವನು ಮಲಗಿದ್ದಾಗ ಸ್ಕೀಯ ಉಕ್ಕಿನ ಅಂಚಿನಲ್ಲಿ ಸಾಕಮ್ಮನಿಗೆ ತುಕ್ಕು ಕಂಡಿತು. ಈಳಿಗೆಮಣೆಗೆ ಸವರುವಂತೆ ಹರಳೆಣ್ಣೆ ಸವರಿಟ್ಟಳು. ಅವನಿಗೆ ಹೇಳಲಿಲ್ಲ. ಸ್ಕೀ ಮುಟ್ಟಿದರೆ ರೇಗುತ್ತಿದ್ದ.

ಮರುದಿನ ಅವನು ದಿಬ್ಬದಲ್ಲೇ ಹೋಗಿಬಿಟ್ಟ. ಹೃದಯ ನಿಂತಿತು ಅಂದರು. ಎಣ್ಣೆಗೆ ಜಾರಿ ಬಿದ್ದು, ಆ ಏಟಿಗೇ ನಿಂತಿರಬೇಕು ಎಂದು ಅವಳ ಎಣಿಕೆ. ಯಾರನ್ನೂ ಕೇಳಲಿಲ್ಲ. ಹೌದು ಅಂದುಬಿಟ್ಟರೆ? ಆರು ವಾರ ಯಾರಿಗೂ ಮುಖ ತೋರಿಸಲಿಲ್ಲ.

ಒಂದು ಭಾನುವಾರ ರವಿ ಬಂದು ಬಾಗಿಲು ಬಡಿದ. ಎತಿಯೆನ್‌ನ ಹಳೆಯ ಶಿಷ್ಯ; ರಜಾದಿನಗಳಲ್ಲಿ ಅದೇ ದಿಬ್ಬದಲ್ಲಿ ಬಿದ್ದವರನ್ನು ಎತ್ತುವ ಕೆಲಸಕ್ಕೆ ಹೋಗುತ್ತಿದ್ದವನು.

"ಆಂಟಿ, ಅಂಕಲ್ ಸ್ಕೀ ತಂದಿದೀನಿ."

ಆ ಸ್ಕೀಗಳನ್ನು ಕಂಡದ್ದೇ ಸಾಕಮ್ಮನಿಗೆ ತಡೆಯಲಾಗಲಿಲ್ಲ. "ನಾನೇ ಕೊಂದೆ ಕಣಪ್ಪ. ಅದಕ್ಕೆ ಎಣ್ಣೆ ಹಚ್ಚಿದ್ದೆ."

"ಅಯ್ಯೋ ಆಂಟಿ! ಅಂಕಲ್ ಬೀಳಲೇ ಇಲ್ಲ. ಮೇಲಕ್ಕೆ ಹೋಗೋ ಲಿಫ್ಟಲ್ಲಿ ನನ್ನ ಪಕ್ಕ ಕೂತಿದ್ರು. ಅವತ್ತು ಒಂದ್ಸಲಾನೂ ಇಳಿದಿರ್ಲಿಲ್ಲ. ಎಣ್ಣೇನ ಪಾರ್ಕಿಂಗ್‌ನಲ್ಲೇ ನೋಡಿ ಒರೆಸಿದ್ರು."

"ನೋಡಿದ್ರಾ? ಬೈದ್ರಾ?"

"ಬೈಯೋದಾ? 'ಇವಳು ಸ್ಕೀಗೂ ಒಗ್ಗರಣೆ ಹಾಕಿದಾಳೆ' ಅಂತ ಲಿಫ್ಟಲ್ಲೂ ನಗ್ತಿದ್ರು. ಹಾಗೇ ನನ್ನ ಭುಜಕ್ಕೆ ಒರಗಿಬಿಟ್ರು."

ಸಾಕಮ್ಮ ಹೊಸ್ತಿಲಲ್ಲೇ ಕೂತಳು. ಅತ್ತಳು, ನಡುವೆ ನಕ್ಕಳು. ಸತ್ತವನು ಸತ್ತ, ಅವನನ್ನು ಕೊಂದದ್ದು ತನ್ನ ಕೈಯಲ್ಲ. ರವಿಗೆ ಅನ್ನ ಬಡಿಸಿದಳು, ತಾನೂ ಉಂಡಳು.

ಮರುದಿನ ಬೆಳಿಗ್ಗೆ ಎದ್ದವಳೇ ಮನೆಮುಂದಿನ ಹಿಮ ಗೋರಿ, ಯಾರೂ ಜಾರದಿರಲೆಂದು ಮೆಟ್ಟಿಲಿಗೆ ಮಂಜು ಕರಗಿಸುವ ಉಪ್ಪು ಎರಚಿದಳು. ಮನೆಗೆ ಬರುವವರು ಬರಲಿ. ಚಳಿಗಾಲದಲ್ಲಿ ಈಗಲೂ ದಿನಾ ಬೆಳಿಗ್ಗೆ ಅವಳಿಗೆ ಮೊದಲು ಅದೇ ಕೆಲಸ.